ಕೋಡಿ, ಬಂಡೆ, ಬೋರು: ಒಂದು ಹಳ್ಳಿ ರಸ್ತೆಯ ಪ್ರೊಫೈಲ್ ರಿಪೇರಿ

ಫೈಲ್ ಕೈಗೆ ಬಂದಿದ್ದು ಒಂದು ಶುಕ್ರವಾರ ಸಂಜೆ. ಕೋಲಾರದ ಡೂಂ ಲೈಟ್ ಸರ್ಕಲ್ ಹತ್ತಿರ ಟೀ ಕುಡಿಯುತ್ತಾ ನಿಂತಿದ್ದೆ. ಕಂಟ್ರಾಕ್ಟರ್ ಕಡೆಯವರು ಫೋನ್ ಮಾಡಿದರು. "ಮೇಡಂ, ಡ್ರಾಯಿಂಗ್ ಏನೋ ಇದೆ. ಲೆವೆಲ್ ಹಾಕೋಕೆ ಹೋದ್ರೆ ಒಂದೂ ಕೂತ್ಕೊಳ್ತಿಲ್ಲ. ಸ್ವಲ್ಪ ನೋಡಿಕೊಡಿ." ಆ ಸ್ವಲ್ಪ ಹನ್ನೊಂದು ದಿನ ಹಿಡಿಯಿತು.

ರಸ್ತೆ ಮುಳಬಾಗಿಲು ಕಡೆಯದು. ಉದ್ದ 2.38 ಕಿ.ಮೀ. ಡಾಂಬರು 3.75 ಮೀಟರ್ ಅಗಲ, ಎರಡೂ ಕಡೆ ಮಣ್ಣಿನ ಅಂಚು ಸೇರಿದರೆ 7.5 ಮೀಟರ್. ಮುಖ್ಯ ರಸ್ತೆಯಿಂದ ಹೊರಟು, ಒಂದು ತಿರುವು ತೆಗೆದುಕೊಂಡು, ದಿಣ್ಣೆ ಹತ್ತಿ ಇಳಿದು, ಕೆರೆಯ ಕೋಡಿ ದಾಟಿ ಊರು ಸೇರುತ್ತದೆ. ಬೆಳಗಿನ ಜಾವ ಟೊಮೇಟೊ ಟೆಂಪೊಗಳು, ಎಂಟು ಗಂಟೆಗೆ ಶಾಲೆ ವ್ಯಾನು, ಉಳಿದಂತೆ ಬೈಕು, ಟ್ರ್ಯಾಕ್ಟರು. ಇಷ್ಟೇ ಟ್ರಾಫಿಕ್.

ರಾತ್ರಿ ಊಟ ಮುಗಿಸಿ ಸಿವಿಲ್ 3ಡಿ ಅನ್ನುವ ರಸ್ತೆ ವಿನ್ಯಾಸದ ಸಾಫ್ಟ್‌ವೇರಿನಲ್ಲಿ ಫೈಲ್ ತೆರೆದೆ. ಪ್ರೊಫೈಲ್, ಅಂದರೆ ರಸ್ತೆಯ ಏರಿಳಿತವನ್ನು ಪಕ್ಕದಿಂದ ನೋಡಿದ ಹಾಗೆ ತೋರಿಸುವ ಚಿತ್ರ, ಅದನ್ನು ನೋಡಿ ಮೊದಲು ನಗು ಬಂತು. ವಿನ್ಯಾಸದ ಗೆರೆ ಹಾವಿನ ಹಾಗೆ ನೆಲದ ಗೆರೆಯ ಮೇಲೇ ತೆವಳಿಕೊಂಡು ಹೋಗಿತ್ತು. ಎಣಿಸಿದರೆ 61 ಪಿವಿಐ. ಪಿವಿಐ ಅಂದರೆ ಒಂದು ಇಳಿಜಾರು ಮುಗಿದು ಇನ್ನೊಂದು ಶುರುವಾಗುವ ಬಿಂದು. ಈ ಬಿಂದುವಿನ ಮೂಲೆಯನ್ನು ನಯ ಮಾಡುವುದಕ್ಕೇ ವರ್ಟಿಕಲ್ ಕರ್ವ್ ಹಾಕುವುದು. 2.38 ಕಿ.ಮೀ.ಗೆ 61 ಅಂದರೆ ಸರಾಸರಿ 40 ಮೀಟರಿಗೆ ಒಂದು. ಗ್ರೇಡ್ (ಇಳಿಜಾರು) ಬದಲಾವಣೆ 150 ಮೀಟರಿನ ಒಳಗೆ ಮತ್ತೆ ಬರದಿದ್ದರೆ ಒಳ್ಳೆಯದು ಎನ್ನುತ್ತದೆ ನಮ್ಮ ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ (ಐಆರ್‌ಸಿ).

ಹೀಗೆ ಯಾಕೆ ಆಗುತ್ತೆ ಅಂತ ನನಗೆ ಗೊತ್ತು. ನಾನೂ ಮೊದಲ ವರ್ಷ ಹೀಗೇ ಮಾಡಿದ್ದೆ. ಪ್ರೊಫೈಲ್ ವ್ಯೂನಲ್ಲಿ ಎತ್ತರವನ್ನು ಸಾಮಾನ್ಯವಾಗಿ ಹತ್ತು ಪಟ್ಟು ಹಿಗ್ಗಿಸಿ ತೋರಿಸುತ್ತಾರೆ. ಶೇ. 3ರ ಏರು ಪರದೆಯ ಮೇಲೆ ಶೇ. 30ರ ಹಾಗೆ ಕಾಣುತ್ತದೆ. ಅಂಗೈಯಷ್ಟು ಉಬ್ಬು ಬೆಟ್ಟವಾಗಿ ನಿಲ್ಲುತ್ತದೆ. ಹೊಸಬರಿಗೆ ಗಾಬರಿ. ಒಂದೊಂದು ಉಬ್ಬಿಗೂ ಒಂದೊಂದು ಪಿವಿಐ ಹಾಕುತ್ತಾ ಹೋಗುತ್ತಾರೆ. ಮಣ್ಣಿನ ಕೆಲಸವೂ ಕಡಿಮೆ ಬರುತ್ತದೆ, ಎಸ್ಟಿಮೇಟ್ ನೋಡಿದವರಿಗೂ ಖುಷಿ.

ಆದರೆ ಪಿವಿಐ ಜಾಸ್ತಿ ಆದಷ್ಟೂ ಕರ್ವ್‌ಗೆ ಜಾಗ ಕಡಿಮೆ. ಕರ್ವ್ ಪಿವಿಐನ ಎರಡೂ ಕಡೆ ಅರ್ಧರ್ಧ ಚಾಚಿಕೊಳ್ಳುತ್ತದೆ. 40 ಮೀಟರಿಗೊಂದು ಪಿವಿಐ ಇದ್ದರೆ, ಪಕ್ಕದವರಿಗೂ ಅರ್ಧ ಬಿಟ್ಟುಕೊಟ್ಟು, 40 ಮೀಟರಿಗಿಂತ ಉದ್ದದ ಕರ್ವ್ ಹಿಡಿಸುವುದೇ ಇಲ್ಲ. ಈ ಫೈಲ್‌ನಲ್ಲಿ ಎಲ್ಲ ಕರ್ವ್‌ಗಳೂ 20 ಮೀಟರ್. ದಿಣ್ಣೆ ಮೇಲೂ ಅಷ್ಟೇ, ಕೋಡಿ ಹತ್ತಿರವೂ ಅಷ್ಟೇ. 50 ಕಿ.ಮೀ. ವೇಗಕ್ಕೆ ಕನಿಷ್ಠ ಉದ್ದವೇ 30 ಮೀಟರ್ ಇರಬೇಕು.

ಹಳೇ ಪ್ರೊಫೈಲ್ ಅಳಿಸಲಿಲ್ಲ. ಅದನ್ನು ಬೂದು ಬಣ್ಣದ ಚುಕ್ಕೆ ಗೆರೆ ಮಾಡಿ ಹಿಂದೆ ಬಿಟ್ಟೆ. ಮೇಲೆ ಹೊಸದಾಗಿ ಒಂದು ಎಳೆಯಲು ಶುರುಮಾಡಿದೆ. 61ರಲ್ಲಿ ಒಂದೊಂದನ್ನೇ ಅಳಿಸುತ್ತಾ ಕೂರುವುದಕ್ಕಿಂತ ಇದು ಸುಲಭ. ಹಳೆಯದು ಕಣ್ಣೆದುರು ಇದ್ದರೆ ಅವರು ಯಾಕೆ ಹಾಗೆ ಮಾಡಿದರು ಅನ್ನುವುದೂ ಆಗಾಗ ಹೊಳೆಯುತ್ತದೆ. ಆ ಪುಣ್ಯಾತ್ಮರು ಎಲ್ಲ ಕಡೆಯೂ ತಪ್ಪು ಮಾಡಿರಲಿಲ್ಲ, ಮುಂದೆ ಹೇಳುತ್ತೇನೆ.

ಶನಿವಾರ ಸೈಟ್‌ಗೆ ಹೋದೆ. ಜೊತೆಗೆ ಸರ್ವೆ ಹುಡುಗ, ಮಟ್ಟ ಅಳೆಯುವ ಒಂದು ಆಟೊ ಲೆವೆಲ್, ಅದರ ಅಳತೆಪಟ್ಟಿ ಸ್ಟಾಫು.

ದಿಣ್ಣೆ ನೆತ್ತಿಯಲ್ಲಿ, ಚೈನೇಜ್ 0+620ರ (ರಸ್ತೆಯ ಶುರುವಿನಿಂದ 620 ಮೀಟರ್) ಹತ್ತಿರ, ಡಾಂಬರಿನ ಅಂಚಿನಲ್ಲೇ ಬಂಡೆ ಇಣುಕುತ್ತಿತ್ತು. ಸಣ್ಣ ಕಲ್ಲಲ್ಲ, ಹಾಸು ಬಂಡೆ. ಹಳೇ ಡ್ರಾಯಿಂಗ್ ಮಾಡಿದವರು ಇಲ್ಲಿ ರಸ್ತೆಯನ್ನು ಒಂದಿಂಚೂ ಇಳಿಸದೆ ನೆಲದ ಮಟ್ಟಕ್ಕೇ ಇಟ್ಟಿದ್ದು ಯಾಕೆ ಅಂತ ಆಗ ಅರ್ಥವಾಯಿತು. ನಿಂತು ನೋಡುತ್ತಿದ್ದಾಗ ಆ ಕಡೆಯಿಂದ ಹಾರ್ನ್ ಹೊಡೆಯುತ್ತಲೇ ಒಂದು ಟೆಂಪೊ ಹತ್ತಿ ಬಂತು. ಮೊದಲು ಕಂಡಿದ್ದು ಮೇಲಿನ ಕ್ರೇಟು, ಆಮೇಲೆ ಡ್ರೈವರ್ ತಲೆ. "ಇಲ್ಲಿ ಹಾರ್ನ್ ಬಿಟ್ರೆ ಕತೆ ಮುಗೀತು ಅಕ್ಕಾ" ಅಂದ. ಕೋಲಾರ ಎಪಿಎಂಸಿಗೆ ಹೋಗುವ ಲೋಡು. 15 ಕೆಜಿಯ ಕ್ರೇಟುಗಳು. ನೆತ್ತಿಯಲ್ಲಿ ಗಾಡಿ ಎಗರಿದರೆ ಕೆಳಗಿನ ಸಾಲಿನ ಹಣ್ಣು ರಸವಾಗುತ್ತದಂತೆ.

ಅಲ್ಲಿಂದ ಕೋಡಿಗೆ, ಚೈನೇಜ್ 1+480. ಈಗಿನ ರಸ್ತೆ ಇಲ್ಲಿ ತಗ್ಗಿಗೆ ಇಳಿದು, ಎರಡು ಹ್ಯೂಮ್ ಪೈಪಿನ ಮೇಲೆ ಹಾದು, ಮತ್ತೆ ಹತ್ತುತ್ತದೆ. ಇದನ್ನು ಮಾಡಿದ ಕಾಲಕ್ಕೆ ಅದು ಸರಿಯಾಗಿಯೇ ಇತ್ತು. ಕೆರೆಯಲ್ಲಿ ನೀರೇ ಇರಲಿಲ್ಲ. ಹುಡುಗರು ಕೆರೆ ಅಂಗಳದಲ್ಲಿ ಕ್ರಿಕೆಟ್ ಆಡುತ್ತಿದ್ದರು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ನೀರು ಬರತೊಡಗಿತು. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧಮಾಡಿ ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಾರಲ್ಲ, ಅದು. ಒಂದು ಕೆರೆ ತುಂಬಿ ಮುಂದಿನ ಕೆರೆಗೆ. ಅದರ ಮೇಲೆ 2021ರ ನವೆಂಬರ್ ಮಳೆ. ಕೋಡಿ ಬಿದ್ದು ರಸ್ತೆ ಮೇಲೇ ಹರಿಯಿತು. ನಾಲ್ಕು ದಿನ ಶಾಲೆ ವ್ಯಾನ್ ಬರಲಿಲ್ಲ ಅಂತ ಊರಿನವರು ಹೇಳಿದರು. ಕೆ.ಸಿ. ವ್ಯಾಲಿಯ ದೆಸೆಯಿಂದ ನಾನು ವ್ಯಾಲಿ ಕರ್ವ್, ಅಂದರೆ ತಗ್ಗಿನ ಕರ್ವ್, ಏರಿಸಬೇಕಾಯಿತು.

ನೀರು ಎಷ್ಟು ಎತ್ತರ ಬಂದಿತ್ತು ಅನ್ನುವುದಕ್ಕೆ ಪಕ್ಕದ ಮೋಟರ್ ಮನೆಯ ಗೋಡೆ ಸಾಕ್ಷಿ. ಸುಣ್ಣದ ಮೇಲೆ ಕೆಸರಿನ ಗೆರೆ ಇನ್ನೂ ಇತ್ತು. ಸ್ಟಾಫ್ ಹಿಡಿಸಿ ಓದಿದೆ. ಮಟ್ಟ 832.55 ಮೀಟರ್. ರಸ್ತೆಯ ಮೇಲ್ಮೈ 832.10. ಅಂದರೆ ಡಾಂಬರಿನ ಮೇಲೆ 45 ಸೆಂ.ಮೀ. ನೀರು. ಹಳೇ ಡ್ರಾಯಿಂಗ್‌ನಲ್ಲಿ ಇದೇ 832.10 ಹಾಗೇ ಉಳಿದಿತ್ತು.

ಭಾನುವಾರ ದಿಣ್ಣೆಯ ಕೆಲಸಕ್ಕೆ ಕೂತೆ.

ಹಿಂದೆ 0+470ರಲ್ಲಿ 841.40, ಮುಂದೆ 0+800ರಲ್ಲಿ 841.16. ಇವೆರಡನ್ನೂ ಗಟ್ಟಿ ಮಾಡಿಕೊಂಡೆ. ನಡುವೆ ಇದ್ದ ಪಿವಿಐಗಳನ್ನೆಲ್ಲ ಬಿಟ್ಟು ನೆತ್ತಿಯಲ್ಲಿ ಒಂದೇ ಒಂದು, 0+620ರಲ್ಲಿ 846.20. ಏರು ಶೇ. 3.2, ಇಳಿಕೆ ಶೇ. 2.8. ಎರಡೂ ಸೇರಿ ಕೋನ ಶೇ. 6. ಕರ್ವ್ ಎಷ್ಟು ಉದ್ದ?

ನನ್ನ ಕಂಪ್ಯೂಟರಿನಲ್ಲಿ ಪ್ರೊಫೈಲಿಗೆ ಜೋಡಿಸಿದ್ದ ಮಾನದಂಡದ ಫೈಲ್ ಅಮೆರಿಕದ ಆಶ್ಟೊ ಸಂಸ್ಥೆಯದು. ಅದರ ಪ್ರಕಾರ 50 ಕಿ.ಮೀ. ವೇಗಕ್ಕೆ ನೆತ್ತಿಯ, ಅಂದರೆ ಸಮ್ಮಿಟ್ ಕರ್ವ್‌ನ ಕೆ ಬೆಲೆ 7 ಇದ್ದರೆ ಸಾಕು. ಕೆ ಅಂದರೆ ಗ್ರೇಡ್ ಶೇ. 1 ಬದಲಾಗಲು ಎಷ್ಟು ಮೀಟರ್ ಬೇಕು ಅನ್ನುವ ಲೆಕ್ಕ. 6ನ್ನು 7ರಿಂದ ಗುಣಿಸಿದರೆ 42. ನಾನು ಕೊಂಚ ಉದಾರವಾಗಿ 45 ಮೀಟರ್ ಹಾಕಿದೆ. ಹಳದಿ ತ್ರಿಕೋನದ ಎಚ್ಚರಿಕೆ ಚಿಹ್ನೆ ಮಾಯವಾಯಿತು. ಮುಗೀತು ಅಂದುಕೊಂಡೆ.

ಮುಗಿದಿರಲಿಲ್ಲ. ಆಶ್ಟೊ ಲೆಕ್ಕದಲ್ಲಿ ಡ್ರೈವರ್ ಕಣ್ಣು 1.08 ಮೀಟರ್ ಎತ್ತರ, ಎದುರಿನ ಅಡ್ಡಿ 60 ಸೆಂ.ಮೀ. ನಮ್ಮ ಐಆರ್‌ಸಿಯಲ್ಲಿ ಕಣ್ಣು 1.2 ಮೀಟರ್, ಅಡ್ಡಿ ಬರೀ 15 ಸೆಂ.ಮೀ. ರಸ್ತೆಯಲ್ಲಿ ಬಿದ್ದಿರುವ ಕಲ್ಲು ಕಾಣಬೇಕು ಅನ್ನುವುದು ನಮ್ಮವರ ಲೆಕ್ಕ. ಬ್ರೇಕ್ ಹಾಕಿ ನಿಲ್ಲಲು 50 ಕಿ.ಮೀ. ವೇಗಕ್ಕೆ 60 ಮೀಟರ್ ದೂರ ಕಾಣಬೇಕು. ಕರ್ವ್ ಈ 60ಕ್ಕಿಂತ ಚಿಕ್ಕದಾದಾಗ ಸೂತ್ರ ಹೀಗೆ: ದೂರದ ಎರಡರಷ್ಟರಿಂದ, 4.4ನ್ನು ಕೋನದಿಂದ (ಶೇ. 6 ಅಂದರೆ 0.06) ಭಾಗಿಸಿ ಬಂದದ್ದನ್ನು ಕಳೆಯಬೇಕು. 120ರಿಂದ 73.3 ಕಳೆದರೆ 46.7 ಮೀಟರ್. ನನ್ನ 45 ಎರಡು ಮೀಟರ್ ಕಡಿಮೆ. ಸರಿ, 50 ಮಾಡಿದರಾಯಿತು ಅಂತ, ಸುಮ್ನೆ ಒಂದು ಮಾತು ಕೇಳಿಬಿಡೋಣ ಎಂದು ಪಿಡಬ್ಲ್ಯುಡಿಯಲ್ಲಿದ್ದು ನಿವೃತ್ತರಾದ ನನ್ನ ಹಳೇ ಸಾಹೇಬರಿಗೆ ಫೋನ್ ಮಾಡಿದೆ.

"ರೋಡ್ ಎಷ್ಟು ಅಗಲ ಅಮ್ಮಾ?"

"3.75 ಸಾರ್."

"ಅಂದ್ರೆ ಒಂದೇ ಗಾಡಿ ದಾರಿ. ಎದುರಿಂದ ಬರೋನೂ ಅದೇ ದಾರೀಲೇ ಬರ್ತಾನೆ. ಕಲ್ಲು ಕಂಡ್ರೆ ನೀನೊಬ್ಬಳು ನಿಂತ್ರೆ ಸಾಕು. ಟೆಂಪೊ ಕಂಡ್ರೆ ಇಬ್ಬರೂ ನಿಲ್ಲಬೇಕಲ್ವಾ?"

ಹೌದಲ್ಲ. ಹಿಂದಿನ ದಿನ ಕಣ್ಣಾರೆ ಕಂಡಿದ್ದೆ, ಕ್ರೇಟು ಮೊದಲು, ತಲೆ ಆಮೇಲೆ. ಒಂದೇ ಲೇನಿನ ರಸ್ತೆಗೆ ದೂರ ಎರಡರಷ್ಟು ಬೇಕು, 120 ಮೀಟರ್. ಈಗ ಎರಡೂ ಕಡೆ ನೋಡುವುದು ಡ್ರೈವರ್ ಕಣ್ಣೇ, ಹಾಗಾಗಿ ಎರಡೂ ಎತ್ತರ 1.2 ಮೀಟರ್. ಸೂತ್ರದಲ್ಲಿ 4.4ರ ಜಾಗಕ್ಕೆ 9.6 ಬರುತ್ತದೆ. 240ರಿಂದ 160 ಕಳೆದರೆ 80 ಮೀಟರ್. ಹಳೇ ಡ್ರಾಯಿಂಗ್‌ನಲ್ಲಿ ಇದ್ದದ್ದು 20. ಸಾಫ್ಟ್‌ವೇರ್ ಸೈ ಅಂದಿದ್ದು 45ಕ್ಕೆ.

80 ಹಾಕಿದ ತಕ್ಷಣ ಬಂಡೆ ತಕರಾರು ತೆಗೆಯಿತು. ಕರ್ವ್ ಉದ್ದವಾದಷ್ಟೂ ಅದರ ನೆತ್ತಿ ಪಿವಿಐಗಿಂತ ಕೆಳಗೆ ಇಳಿಯುತ್ತದೆ. ಎಷ್ಟು ಅಂದರೆ, ಶೇಕಡಾದಲ್ಲಿ ಕೋನ ಗುಣಿಸು ಉದ್ದ, ಭಾಗಿಸು 800. 20 ಮೀಟರ್ ಕರ್ವ್‌ಗೆ 15 ಸೆಂ.ಮೀ., 80ಕ್ಕೆ 60 ಸೆಂ.ಮೀ. ಅಲ್ಲಿ ನೆಲ 846.05 ಇದೆ. ನನ್ನ ರಸ್ತೆ 845.60ಕ್ಕೆ ಇಳಿಯಿತು. ಅದರ ಕೆಳಗೆ ಜಲ್ಲಿ, ಡಾಂಬರು ಸೇರಿ 30 ಸೆಂ.ಮೀ. ದಪ್ಪ. ಒಟ್ಟು 75 ಸೆಂ.ಮೀ. ಹಾಸು ಬಂಡೆ ಒಡೆಯಬೇಕು, 7.5 ಮೀಟರ್ ಅಗಲಕ್ಕೆ. ಕಂಟ್ರಾಕ್ಟರ್ ಮುಖ ಕಣ್ಣ ಮುಂದೆ ಬಂತು.

ಪಿವಿಐ ಮೇಲೆತ್ತಿದರೆ? ವಿನ್ಯಾಸದ ಗೆರೆಯನ್ನು ಒತ್ತಿದರೆ ಪಿವಿಐ ಮೇಲೆ ತ್ರಿಕೋನದ ಹಿಡಿಗಳು ಬರುತ್ತವೆ. ನಡುವಿನದನ್ನು ಹಿಡಿದರೆ ಬಿಂದು ಬೇಕಾದ ಕಡೆ ಬರುತ್ತದೆ, ಎರಡೂ ಗ್ರೇಡ್ ಬದಲಾಗುತ್ತವೆ. ಪಕ್ಕದ ಹಿಡಿ ಎಳೆದರೆ ಒಂದು ಕಡೆಯ ಗ್ರೇಡ್ ಹಾಗೇ ಇದ್ದು ಗೆರೆ ಉದ್ದವಾಗುತ್ತದೆ. ದುಂಡಗಿನ ಹಿಡಿ ಕರ್ವ್‌ನ ಉದ್ದಕ್ಕೆ. ಎಳೆದು ನೋಡುವುದು ಅಂದಾಜಿಗೆ ಸರಿ. ಕೊನೆಯ ಬೆಲೆಯನ್ನು ನಾನು ಯಾವಾಗಲೂ ಕೆಳಗಿನ ಪಟ್ಟಿಯಲ್ಲಿ ಟೈಪ್ ಮಾಡುತ್ತೇನೆ. ಇಲ್ಲದಿದ್ದರೆ 846.4973 ಅಂತ ಏನೋ ಒಂದು ಕೂತುಬಿಡುತ್ತದೆ.

30 ಸೆಂ.ಮೀ. ಎತ್ತಿ 846.50 ಮಾಡಿದೆ. ಏರು 3.4 ಆಯಿತು, ಇಳಿಕೆ 2.97. ಕೋನ 6.37ಕ್ಕೆ ಬೆಳೆಯಿತು. ಕೋನ ಬೆಳೆದರೆ ಕರ್ವ್ ಬೆಳೆಯಬೇಕು, 89.2, ಅಂದರೆ 90 ಮೀಟರ್. ಕರ್ವ್ ಬೆಳೆದರೆ ನೆತ್ತಿ ಇನ್ನಷ್ಟು ಇಳಿಯುತ್ತದೆ, 72 ಸೆಂ.ಮೀ. ಕೊನೆಗೆ ರಸ್ತೆ ನಿಂತಿದ್ದು 845.78ಕ್ಕೆ. 30 ಎತ್ತಿದ್ದಕ್ಕೆ ಸಿಕ್ಕಿದ್ದು 18 ಮಾತ್ರ. ಉಳಿದದ್ದನ್ನು ಕರ್ವೇ ತಿಂದುಹಾಕಿತು.

60 ಎತ್ತಿಯೂ ನೋಡಿದೆ. ಇನ್ನೊಂದು 19 ಸೆಂ.ಮೀ. ಸಿಗುತ್ತಿತ್ತು. ಆದರೆ ಏರು 3.6 ಆಗುತ್ತದೆ. ರೂಲಿಂಗ್ ಗ್ರೇಡ್, ಅಂದರೆ ಸಾಮಾನ್ಯವಾಗಿ ದಾಟಬಾರದ ಇಳಿಜಾರು, 3.3. ಮಿತಿ 5 ಇರುವುದರಿಂದ ನಿಯಮ ಮುರಿದ ಹಾಗಲ್ಲ, ಸರಿ. ತೊಂದರೆ ಬೇರೆ ಕಡೆ ಇತ್ತು. ಎರಡೂ ಬದಿ ರಸ್ತೆ ಎತ್ತರವಾಗಿ ಹೊಲಕ್ಕೆ ಇಳಿಯುವ ದಾರಿಗಳು ಮುಚ್ಚುತ್ತಿದ್ದವು. ಟ್ರ್ಯಾಕ್ಟರ್ ಇಳಿಯುವ ಜಾಗ ಮುಚ್ಚಿದರೆ ಮಾರನೇ ದಿನವೇ ಕೆಲಸ ನಿಲ್ಲಿಸುತ್ತಾರೆ, ಅದರಲ್ಲಿ ತಪ್ಪೂ ಇಲ್ಲ. 30ಕ್ಕೇ ನಿಲ್ಲಿಸಿದೆ. ಒಡೆಯಬೇಕಾದ ಬಂಡೆ 75ರಿಂದ 57 ಸೆಂ.ಮೀ.ಗೆ ಇಳಿಯಿತು.

ಕೋಡಿಯ ಕೆಲಸ ಇಷ್ಟು ಸತಾಯಿಸಲಿಲ್ಲ. ಕೋಡಿಯ ಉದ್ದ 12 ಮೀಟರ್, ಮೇಲೆ ಹರಿದ ನೀರು 65 ಸೆಂ.ಮೀ. ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 11 ಘನ ಮೀಟರ್. 3ರಿಂದ 30 ಘನ ಮೀಟರ್ ತನಕ ನೀರಿಗೂ ಮೋರಿಯ ಸ್ಲ್ಯಾಬ್ ತಳಕ್ಕೂ 60 ಸೆಂ.ಮೀ. ಅಂತರ ಬೇಕು. 832.55ಕ್ಕೆ ಅದನ್ನು ಸೇರಿಸಿ, ಸ್ಲ್ಯಾಬ್ 35 ಸೆಂ.ಮೀ., ಮೇಲಿನ ಹೊದಿಕೆ 7.5 ಸೆಂ.ಮೀ. ಕೂಡಿಸಿದರೆ 833.575. ರಸ್ತೆ ಮಟ್ಟ 833.60 ಅಂತ ಗಟ್ಟಿ ಮಾಡಿದೆ. ಪೈಪ್ ತೆಗೆದು ಬಾಕ್ಸ್ ಮೋರಿ. ಈಗಿರುವುದಕ್ಕಿಂತ ಒಂದೂವರೆ ಮೀಟರ್ ಮೇಲೆ.

ಏರಿಸಿದ್ದರಿಂದ ಇಳಿಜಾರುಗಳು ತಾವಾಗೇ ಸಪಾಟಾದವು. ಮೊದಲು ಇಳಿಕೆ 2.4, ಏರು 2.1. ಈಗ 1.6 ಮತ್ತು 1.4. ಕೋನ 4.5 ಇದ್ದದ್ದು 3ಕ್ಕೆ ಬಂತು. ವ್ಯಾಲಿ ಕರ್ವ್‌ಗೆ ರಾತ್ರಿ ಹೆಡ್‌ಲೈಟ್ ಬೆಳಕು ಎಷ್ಟು ದೂರ ಬೀಳುತ್ತೆ ಅನ್ನುವುದೇ ಅಳತೆ. ಇದಕ್ಕೂ ಒಂದು ಸೂತ್ರ ಇದೆ. ಬೆಲೆ ಹಾಕಿದರೆ 120ರಿಂದ 120 ಕಳೆದು ಉತ್ತರ ಸೊನ್ನೆ! ಎರಡು ಸಲ ತಾಳೆ ನೋಡಿದೆ, ಸೊನ್ನೆಯೇ. ಬೆಳಕಿನ ದೃಷ್ಟಿಯಿಂದ ಕರ್ವ್ ಬೇಡವೇ ಬೇಡ ಅಂತ ಅರ್ಥ. ಹಾಗಂತ ಬಿಡುವ ಹಾಗಿಲ್ಲ, ಗಾಡಿ ಕುಕ್ಕುತ್ತದೆ. ಈ ವೇಗದಲ್ಲಿ ಕೋನ ಶೇ. 1 ದಾಟಿದರೆ ಕರ್ವ್ ಕಡ್ಡಾಯ, ಉದ್ದ ಕನಿಷ್ಠ 30. ನಾನು 60 ಕೊಟ್ಟೆ. ಜಾಗ ಇದೆ, ಖರ್ಚಿಲ್ಲ. ಟೊಮೇಟೊ ಹಾಯಾಗಿ ಹೋಗಲಿ.

ಒಂದು ವಿಷಯ ಮಾತ್ರ ಪ್ರೊಫೈಲ್‌ನಲ್ಲಿ ಕಾಣುವುದಿಲ್ಲ. ರಸ್ತೆ ಒಂದೂವರೆ ಮೀಟರ್ ಏರಿದರೆ, ಒಂದಕ್ಕೆ ಎರಡರ ಇಳಿಜಾರಿನಲ್ಲಿ ಬುಡ ಎರಡೂ ಕಡೆ ಮೂರು ಮೂರು ಮೀಟರ್ ಹರಡುತ್ತದೆ. 7.5 ಇದ್ದದ್ದು ಬುಡದಲ್ಲಿ 13.5. ಕೋಡಿ ನೀರು ಹರಿಯುವ ಕಡೆ ಇಳಿಜಾರಿಗೆ ಕಲ್ಲಿನ ಹೊದಿಕೆ, ಅಂದರೆ ರಿವಿಟ್‌ಮೆಂಟ್ ಹಾಕದಿದ್ದರೆ ಮೊದಲ ಮಳೆಗೇ ಮಣ್ಣು ಕೊಚ್ಚಿಕೊಂಡು ಹೋಗುತ್ತದೆ. ಎಸ್ಟಿಮೇಟ್‌ನಲ್ಲಿ ಅದು ಇರಲಿಲ್ಲ. ಸೇರಿಸಿ ಅಂತ ಬರೆದು ಕಳಿಸಿದೆ.

ಊರೊಳಗಿನ 200 ಮೀಟರಿನಲ್ಲಿ ಹಳೇ ಡ್ರಾಯಿಂಗ್ ಮಾಡಿದವರಿಗೆ ನಮಸ್ಕಾರ ಹಾಕಿದೆ. ಅಲ್ಲಿ ಅವರ ಪಿವಿಐಗಳು ಸರಿಯಾಗಿದ್ದವು. ಪ್ರತಿ ಸಲ ಡಾಂಬರು ಹಾಕಿದಾಗಲೂ ರಸ್ತೆ ಏರುತ್ತದೆ, ಮನೆಯ ಹೊಸ್ತಿಲು ಅಲ್ಲೇ ಇರುತ್ತದೆ. ಮಳೆ ಬಂದರೆ ನೀರು ನಡುಮನೆಗೆ. ಸರ್ವೆ ಹುಡುಗನ ಕೈಲಿ 23 ಮನೆಗಳ ಹೊಸ್ತಿಲ ಲೆವೆಲ್ ತೆಗೆಸಿ ಪ್ರೊಫೈಲ್ ಮೇಲೆ ಚುಕ್ಕಿ ಚುಕ್ಕಿಯಾಗಿ ಕೂರಿಸಿದೆ. ಎಲ್ಲ ಚುಕ್ಕಿಗಳಿಗಿಂತ ಕನಿಷ್ಠ 15 ಸೆಂ.ಮೀ. ಕೆಳಗೆ ಗೆರೆ ಹೋಗಬೇಕು. ಹಳೇ ಗೆರೆ ಎರಡು ಮನೆ ಬಿಟ್ಟು ಎಲ್ಲ ಕಡೆ ಹಾಗೇ ಹೋಗುತ್ತಿತ್ತು. ಆ ಎರಡು ಮನೆಗಾಗಿ ಒಂದು ಪಿವಿಐ 12 ಸೆಂ.ಮೀ. ಇಳಿಸಿದೆ, ಅಷ್ಟೇ. ಹಳೇ ಡಾಂಬರು ಕಿತ್ತು ಕಾಂಕ್ರೀಟ್ ಹಾಕಬೇಕು, ಅದರ ಮೇಲೇ ಹಾಕುವ ಹಾಗಿಲ್ಲ ಅಂತ ಕೆಂಪಕ್ಷರದಲ್ಲಿ ಟಿಪ್ಪಣಿ.

ಒಟ್ಟು ಎಣಿಸಿದೆ. 14 ಪಿವಿಐ. ಬುಧವಾರ ರಾತ್ರಿ ನೆಮ್ಮದಿಯಾಗಿ ಮಲಗಿದೆ.

ಈಗ ನನ್ನ ಪೆದ್ದುತನದ ಭಾಗ. ಮೇಲಿನಿಂದ ನೋಡಿದಾಗ ಕಾಣುವ ಗೆರೆ, ಅಂದರೆ ಅಲೈನ್‌ಮೆಂಟ್, ಅದನ್ನು ನಾನು ಮುಟ್ಟಿಯೇ ಇರಲಿಲ್ಲ. ಸರಿಯಾಗಿರುತ್ತೆ ಅಂದುಕೊಂಡಿದ್ದೆ. ಗುರುವಾರ ಬೆಳಿಗ್ಗೆ ಶುರುವಿನ ತಿರುವು ನೋಡಿದೆ, 0+280ರ ಹತ್ತಿರ. ರಸ್ತೆ 70 ಡಿಗ್ರಿ ತಿರುಗುತ್ತದೆ, ತ್ರಿಜ್ಯ 45 ಮೀಟರ್. 50 ಕಿ.ಮೀ. ವೇಗಕ್ಕೆ 90 ಬೇಕು. ಪಟ್ಟಿಯಲ್ಲಿ 45 ಅಳಿಸಿ 90 ಒತ್ತಿದೆ. ತಿರುವು ಚೆಂದವಾಗಿ ಅಗಲವಾಯಿತು. ಖುಷಿಯಾಗಿ ಮೋರಿ ಶೀಟ್ ತೆಗೆಯಲು ಹೋದೆ.

ಮೋರಿ ಹಳ್ಳದ ಪಕ್ಕದ ಒಣ ನೆಲದಲ್ಲಿ ನಿಂತಿತ್ತು.

ಹತ್ತು ನಿಮಿಷ ಏನಾಯಿತು ಅಂತಲೇ ಹೊಳೆಯಲಿಲ್ಲ. ಆಮೇಲೆ ಹಣೆ ಚಚ್ಚಿಕೊಂಡೆ. ತಿರುವು ಅಗಲವಾದರೆ ಗಾಡಿ ಮೂಲೆ ಕತ್ತರಿಸಿಕೊಂಡು ಹೋಗುತ್ತದೆ, ರಸ್ತೆಯ ಒಟ್ಟು ಉದ್ದ ಕಡಿಮೆಯಾಗುತ್ತದೆ. 70 ಡಿಗ್ರಿ ತಿರುವಿನಲ್ಲಿ 45ನ್ನು 90 ಮಾಡಿದರೆ 8.04 ಮೀಟರ್ ಕಡಿಮೆ. ತಿರುವಿನ ನಂತರದ ಪ್ರತಿ ಜಾಗದ ಚೈನೇಜೂ 8 ಮೀಟರ್ ಹಿಂದಕ್ಕೆ ಬಂತು. ನೆಲದ ಪ್ರೊಫೈಲ್ ತಾನಾಗೇ ಹೊಸದಾಯಿತು. ವಿನ್ಯಾಸದ ಪ್ರೊಫೈಲ್ ಮಾತ್ರ ಹಳೇ ಚೈನೇಜ್‌ಗಳಲ್ಲೇ ನಿಂತಿತ್ತು. ದಿಣ್ಣೆಯ ನೆತ್ತಿ 0+612ಕ್ಕೆ ಬಂದಿದೆ, ನನ್ನ ಕರ್ವ್ ಇನ್ನೂ 0+620ರಲ್ಲಿ. ಹಳ್ಳ 1+472ರಲ್ಲಿ, ಮೋರಿ 1+480ರಲ್ಲಿ. ಸುಮಾರು 2.4 ಕಿ.ಮೀ. ರಸ್ತೆಯನ್ನು ಪೂರ್ತಿ ಪರದೆಗೆ ಹಿಡಿಸಿ ನೋಡಿದರೆ 8 ಮೀಟರ್ ಕಣ್ಣಿಗೇ ಬೀಳಲ್ಲ.

ಪಿವಿಐಗಳ ಚೈನೇಜ್ ಒಂದೊಂದೇ ತಿದ್ದಿದೆ. ಮೊದಲನೆಯದು ತಿರುವಿಗಿಂತ ಮುಂಚೆಯೇ ಇದ್ದದ್ದರಿಂದ ಬಿಟ್ಟೆ. ಉಳಿದ 13. 61 ಇದ್ದಿದ್ದರೆ ಏನು ಗತಿ?

ಅಲ್ಲಿಗೂ ಮುಗಿಯಲಿಲ್ಲ. ಶನಿವಾರ ತಿರುವಿನಲ್ಲಿ ಗೂಟ ಹೊಡೆಯಲು ಹೋದಾಗ ಹೊಲದ ಯಜಮಾನರು ಬಂದು ನಿಂತರು. ತಲೆಗೆ ಟವಲ್, ಕೈಯಲ್ಲಿ ಕುಡುಗೋಲು. ಗೂಟ ನೋಡಿದರು, ನನ್ನನ್ನು ನೋಡಿದರು.

"ಏನಮ್ಮಾ, ರೋಡು ನನ್ನ ಬೋರ್ ಮೇಲೇ ಹೋಗ್ತದಾ?"

ತಿರುಗಿ ನೋಡಿದರೆ ಹೌದು. ತ್ರಿಜ್ಯ 90 ಆದಾಗ ತಿರುವಿನ ನಡುಭಾಗ 10 ಮೀಟರ್ ಒಳಕ್ಕೆ ಸರಿದಿತ್ತು. ಬೋರ್‌ವೆಲ್ ಹಳೇ ರಸ್ತೆ ನಡುಗೆರೆಯಿಂದ 9 ಮೀಟರ್ ದೂರದಲ್ಲಿತ್ತು. ಸರ್ವೆಯಲ್ಲಿ ಅದೊಂದು ಸಣ್ಣ ವೃತ್ತ, ಹೆಸರಿಲ್ಲದ ಲೇಯರ್‌ನಲ್ಲಿ.

"1,200 ಅಡಿ ಕೊರೆಸಿದ್ದೀನಿ. ಮೂರನೇದು ಇದು. ಮೊದಲಿನ ಎರಡು ಫೇಲಾದ್ವು. ಎರಡು ಗೇಣು ಜಾಗ ಬೇಕಾದ್ರೆ ಕೊಡ್ತೀನಿ, ಬೋರು ಮುಟ್ಟಬೇಡಿ."

ಹಳ್ಳಿ ರಸ್ತೆಗೆ ಭೂಸ್ವಾಧೀನ ಅಂತ ದುಡ್ಡು ಇಟ್ಟಿರಲಿಲ್ಲ. ರೈತರು ಒಪ್ಪಿ ಬಿಟ್ಟುಕೊಟ್ಟಷ್ಟೇ ಜಾಗ. ಅಲ್ಲೇ ಬೇವಿನ ಮರದ ಕೆಳಗೆ ಕೂತು ಕ್ಯಾಲ್ಕ್ಯುಲೇಟರ್ ತೆಗೆದೆ. ಈ ದರ್ಜೆಯ ರಸ್ತೆಗೆ ತೀರಾ ಕನಿಷ್ಠ ಅಂದರೆ 60 ಮೀಟರ್ ತ್ರಿಜ್ಯ, ಅದು 40 ಕಿ.ಮೀ. ವೇಗಕ್ಕೆ. 60 ಇಟ್ಟರೆ ನಡುಗೆರೆ 3.3 ಮೀಟರ್ ಮಾತ್ರ ಒಳಗೆ ಬರುತ್ತದೆ. ಬೋರ್ 5.7 ಮೀಟರ್ ದೂರ ಉಳಿಯಿತು. ಅದರಲ್ಲಿ ಅರ್ಧ ರಸ್ತೆ 3.75, ತಿರುವಿನ ಹೆಚ್ಚುವರಿ ಅಗಲ 0.6. ಎಲ್ಲ ಕಳೆದು 1.35 ಮೀಟರ್ ಮಿಕ್ಕಿತು. ಯಜಮಾನರು ಟೇಪ್ ಹಿಡಿದು ತಾವೇ ಅಳೆದು ನೋಡಿದರು. "ಆಗ್ಲಿ ಬಿಡಮ್ಮಾ" ಅಂದರು. ಕುಡುಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗಿಂದ ಒಂದು ತಂಬಿಗೆ ನೀರು ತಂದುಕೊಟ್ಟರು, ಅದೇ ಬೋರಿನದು.

ತಿರುವಿನ ಎರಡೂ ಕಡೆ 40ರ ಫಲಕ. ಮನೆಗೆ ಬಂದು ತ್ರಿಜ್ಯ 60 ಒತ್ತಿದೆ. ಮೂಲ ಉದ್ದಕ್ಕಿಂತ 2.68 ಮೀಟರ್ ಕಡಿಮೆ. ಮತ್ತೆ 13 ಪಿವಿಐ, ಮತ್ತೆ ಕೈಯಲ್ಲೇ. ದಿಣ್ಣೆ ಈಗ 0+617.32, ಕೋಡಿ 1+477.32. ಈ ಸಲ ಎಲ್ಲಕ್ಕಿಂತ ಮೊದಲು ಮೋರಿ ಶೀಟ್ ತೆಗೆದು ನೋಡಿದೆ. ಹಳ್ಳದಲ್ಲೇ ಇತ್ತು.

ಕೊನೆಯ ಕೆಲಸ ಲೆವೆಲ್ ಪಟ್ಟಿ. ಹಳೇ ಡ್ರಾಯಿಂಗ್‌ನಲ್ಲಿ ಎಲ್ಲ ಕಡೆ 20 ಮೀಟರಿಗೊಂದು ಲೆವೆಲ್ ಕೊಟ್ಟಿದ್ದರು. ನೇರ ಇಳಿಜಾರಿನಲ್ಲಿ ಅದು ಸಾಕು. ಕರ್ವ್‌ನಲ್ಲಿ ಸಾಲದು. ಎರಡು ಗೂಟದ ನಡುವೆ ಮೇಸ್ತ್ರಿ ದಾರ ಕಟ್ಟುತ್ತಾನೆ. ದಾರ ನೇರ, ಕರ್ವ್ ಬಾಗು. ನಮ್ಮ ದಿಣ್ಣೆ ಕರ್ವ್‌ನಲ್ಲಿ 20 ಮೀಟರ್ ದಾರ ನಡುವೆ 35 ಮಿ.ಮೀ. ಕೆಳಗೆ ಹೋಗುತ್ತದೆ. ಅಷ್ಟು ಕಷ್ಟಪಟ್ಟು ಹಾಕಿದ ಕರ್ವ್ ಸೈಟಿನಲ್ಲಿ ನಾಲ್ಕು ತುಂಡು ನೇರ ಗೆರೆ ಆಗಿಬಿಡುತ್ತದೆ. 10 ಮೀಟರಿಗೊಂದು ಗೂಟ ಹೊಡೆದರೆ ವ್ಯತ್ಯಾಸ 9 ಮಿ.ಮೀ. ಮಾತ್ರ. ಕರ್ವ್‌ಗಳಲ್ಲಿ 10, ಉಳಿದ ಕಡೆ 20 ಅಂತ ಪಟ್ಟಿ ಮಾಡಿ ಕಳಿಸಿದೆ.

ಮಂಗಳವಾರ ಮಧ್ಯಾಹ್ನ ಕಂಟ್ರಾಕ್ಟರ್ ಕಡೆಯವರು ಫೋಟೊ ಕಳಿಸಿದರು. ಗೂಟ ಇಳಿಯದ ಕಡೆ ಬಂಡೆ ಮೇಲೇ ಕೆಂಪು ಬಣ್ಣದಲ್ಲಿ ಬರೆದಿದ್ದಾರೆ: 0+617, ಕಟಿಂಗ್ 57. ಕೆಳಗೆ ಒಂದು ಬಾಣ. ಬಾಣದ ಪಕ್ಕದಲ್ಲಿ ಬ್ರೇಕರ್ ಹಾಕಿದ ಹಿಟಾಚಿ ನಿಂತಿದೆ.